ನಾದದೆ ಮಾಡುವ ಫ್ರೆಂಚ್ ಬ್ರೆಡ್: ಮನೆಯ ಓವನ್‌ಗೆ ಒಂದು ಸಮಗ್ರ ಮಾರ್ಗದರ್ಶಿ

ಹೋಳಿಗೆ ಮಾಡುವ ದಿನ ಕಣಕವನ್ನು ಮೊದಲೇ ಕಲಸಿ, ಮೇಲೆ ಎಣ್ಣೆ ಸುರಿದು, ಮುಚ್ಚಿಟ್ಟು, ಎರಡು ಮೂರು ಗಂಟೆ ನೆನೆಯಲು ಬಿಡುವುದು ನಮ್ಮ ಮನೆಗಳ ರೂಢಿ. ಕಲಸಿದ ಕೂಡಲೇ ಎಳೆದರೆ ತುಂಡಾಗುವ ಹಿಟ್ಟು, ನೆನೆದ ಮೇಲೆ ಹೂರಣದ ಉಂಡೆಯ ಸುತ್ತ ಹರಿಯದೆ ಹಿಗ್ಗುತ್ತದೆ. ಆ ನಡುವೆ ಅದನ್ನು ಯಾರೂ ಮುಟ್ಟಿರುವುದಿಲ್ಲ. ಗೋಧಿಯ ಹಿಟ್ಟು ನೀರು ಕುಡಿದು ಸುಮ್ಮನೆ ಕುಳಿತರೂ ಅದರೊಳಗಿನ ಅಂಟು ತಾನಾಗಿಯೇ ಎಳೆಗಟ್ಟುತ್ತದೆ ಎಂಬುದನ್ನು ಹೋಳಿಗೆ ತಟ್ಟುವವರು ಕೈಯಿಂದಲೇ ಬಲ್ಲರು. ಫ್ರೆಂಚ್ ಬ್ರೆಡ್ಡನ್ನು ಕಡಿಮೆ ಶ್ರಮದಿಂದ ಮನೆಯಲ್ಲಿ ಮಾಡುವ ವಿಧಾನ ನಿಂತಿರುವುದೂ ಇದೇ ತಿಳಿವಳಿಕೆಯ ಮೇಲೆ. ಇಲ್ಲಿ ವಿವರಿಸುವ ಕ್ರಮದಲ್ಲಿ ಹಿಟ್ಟನ್ನು ನಾದುವ ಕೆಲಸವೇ ಇಲ್ಲ. ರಾತ್ರಿ ಕಲಸಿ, ಮೂರು ಬಾರಿ ಮಡಚಿ, ಫ್ರಿಜ್ಜಿನಲ್ಲಿಟ್ಟು ಮಲಗಿದರೆ, ಬೆಳಿಗ್ಗೆ ಎದ್ದು ರೂಪ ಕೊಟ್ಟು ಬೇಯಿಸಬಹುದು. ಕೈ ಹಿಟ್ಟಿಗೆ ತಗಲುವ ಸಮಯವನ್ನೆಲ್ಲ ಕೂಡಿಸಿದರೂ ಇಪ್ಪತ್ತು ನಿಮಿಷ ಮೀರುವುದಿಲ್ಲ.

ಯಾವ ಬ್ರೆಡ್ಡಿನ ಮಾತು ಇದು

ನಮ್ಮ ಊರುಗಳ ಬೇಕರಿಗಳಲ್ಲಿ ಸಿಗುವ ಬ್ರೆಡ್ಡು ಸಾಮಾನ್ಯವಾಗಿ ಸಕ್ಕರೆ ಮತ್ತು ಕೊಬ್ಬು ಸೇರಿದ್ದು, ತಗಡಿನ ಅಚ್ಚಿನಲ್ಲಿ ಬೆಂದದ್ದು, ಮೆತ್ತನೆಯದು. ಫ್ರಾನ್ಸಿನಲ್ಲಿ ದಿನವೂ ಊಟದ ಜೊತೆಗೆ ತಿನ್ನುವ ಬ್ರೆಡ್ಡು ಬೇರೆ ಜಾತಿಯದು. ಅದಕ್ಕೆ ಅಚ್ಚಿಲ್ಲ, ಸಕ್ಕರೆಯಿಲ್ಲ, ಎಣ್ಣೆ ಬೆಣ್ಣೆಗಳಿಲ್ಲ. ಮೇಲೆ ಮುರಿದರೆ ಸದ್ದಾಗುವ ಕಂದು ಸಿಪ್ಪೆ, ಒಳಗೆ ಸಣ್ಣದೂ ದೊಡ್ಡದೂ ಆದ ತೂತುಗಳಿರುವ, ಸ್ವಲ್ಪ ಕೆನೆಬಣ್ಣದ ತಿರುಳು, ಇವೆರಡೂ ಒಟ್ಟಿಗಿದ್ದರೆ ಮಾತ್ರ ಅದು ಫ್ರೆಂಚ್ ಬ್ರೆಡ್. ಇದರಲ್ಲಿ ಏನಿರಬೇಕೆಂಬುದನ್ನು ಅಲ್ಲಿಯ ಸರ್ಕಾರವೇ ಬರೆದಿಟ್ಟಿದೆ. 1993ರ ಸೆಪ್ಟೆಂಬರ್ 13ರ ಆದೇಶದ ಪ್ರಕಾರ, 'ಫ್ರೆಂಚ್ ಸಂಪ್ರದಾಯದ ಬ್ರೆಡ್' ಎಂಬ ಹೆಸರಿನಲ್ಲಿ ಮಾರುವ ಬ್ರೆಡ್ಡನ್ನು ಗೋಧಿ ಹಿಟ್ಟು, ನೀರು, ಉಪ್ಪು ಹಾಗೂ ಈಸ್ಟ್ ಅಥವಾ ಹುಳಿಹಿಟ್ಟಿನ ಹೆಪ್ಪಿನಿಂದಲೇ ಮಾಡಬೇಕು. ರಾಸಾಯನಿಕ ಸೇರ್ಪಡೆಗಳು ಕೂಡದು, ಮಾಡುವ ಯಾವ ಹಂತದಲ್ಲೂ ಹಿಟ್ಟನ್ನು ಮಂಜುಗಟ್ಟಿಸಕೂಡದು. ಬಾಕುಲಾ ಎಂಬ ಕಾಳಿನ ಹಿಟ್ಟು, ಸೋಯಾ ಹಿಟ್ಟು, ಮೊಳಕೆ ಬರಿಸಿದ ಗೋಧಿಯ ಹಿಟ್ಟು, ಈ ಮೂರಕ್ಕೆ ಮಾತ್ರ ಅತಿ ಸಣ್ಣ ಪ್ರಮಾಣದಲ್ಲಿ ಅವಕಾಶವಿದೆ. ಬಾಗೆಟ್ ಎಂಬ ಕೋಲಿನಂತೆ ಉದ್ದನೆಯ ಫ್ರೆಂಚ್ ಬ್ರೆಡ್ಡನ್ನು ಮಾಡುವ ಕಸಬಿನ ಜ್ಞಾನ ಮತ್ತು ಅದರ ಸುತ್ತಲಿನ ಸಂಸ್ಕೃತಿಯನ್ನು ಯುನೆಸ್ಕೊ 2022ರ ನವೆಂಬರ್ 30ರಂದು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಆದೇಶ ಬರುವುದಕ್ಕೆ ಹಿನ್ನೆಲೆಯಾಗಿ ಒಂದು ಕತೆಯಿದೆ, ಮತ್ತು ಅದು ನಮ್ಮ ಕೆಲಸಕ್ಕೆ ನೇರವಾಗಿ ಸಂಬಂಧಿಸಿದೆ. 1950ರ ದಶಕದ ಕೊನೆಯಿಂದ ಫ್ರಾನ್ಸಿನ ಬೇಕರಿಗಳು ಹಿಟ್ಟನ್ನು ಯಂತ್ರದಲ್ಲಿ ಬಿರುಸಾಗಿ, ಬಹಳ ಹೊತ್ತು ನಾದತೊಡಗಿದವು. ಹಾಗೆ ನಾದಿದ ಹಿಟ್ಟು ಬೇಗ ಉಬ್ಬುತ್ತಿತ್ತು, ಬ್ರೆಡ್ಡು ಗಾತ್ರದಲ್ಲಿ ದೊಡ್ಡದಾಗಿ, ಒಳಗೆ ಅಚ್ಚ ಬಿಳಿಯಾಗಿ ಬರುತ್ತಿತ್ತು; ಆದರೆ ರುಚಿ ಹೊರಟುಹೋಗಿತ್ತು. ಅದಕ್ಕೆ ಕಾರಣ ಹುಡುಕಿದವರಲ್ಲಿ ಮುಖ್ಯರಾದವರು ಪ್ಯಾರಿಸ್ಸಿನ ಹಿಟ್ಟಿನ ಗಿರಣಿ ಮತ್ತು ಧಾನ್ಯೋದ್ಯಮದ ಶಾಲೆಯಲ್ಲಿ ಪ್ರಾಧ್ಯಾಪಕರಾಗಿದ್ದ ರೇಮಂಡ್ ಕಾಲ್ವೆಲ್. ಅತಿಯಾಗಿ ನಾದಿದಾಗ ಹಿಟ್ಟಿನೊಳಗೆ ಗಾಳಿ ಸೇರಿ, ಗೋಧಿಗೆ ಕೆನೆಬಣ್ಣವನ್ನೂ ಪರಿಮಳದ ಒಂದು ಭಾಗವನ್ನೂ ಕೊಡುವ ಕೆರೊಟಿನಾಯ್ಡ್‌ಗಳು ಆಮ್ಲಜನಕದಿಂದ ನಾಶವಾಗುತ್ತವೆ ಎಂದು ಅವರು ತೋರಿಸಿದರು. ಹಿಟ್ಟು ಮತ್ತು ನೀರನ್ನು ಬರಿದೇ ಬೆರೆಸಿ ಅರ್ಧ ಗಂಟೆಯಷ್ಟು ಬಿಟ್ಟು, ಅನಂತರ ಉಳಿದದ್ದನ್ನು ಸೇರಿಸಿದರೆ ನಾದುವ ಕೆಲಸ ಬಹಳ ಕಡಿಮೆಯಾಗುತ್ತದೆ ಎಂಬ ಕ್ರಮವನ್ನು 1970ರ ದಶಕದಲ್ಲಿ ಬಳಕೆಗೆ ತಂದವರೂ ಅವರೇ. ಅದನ್ನು ಅವರು ಆಟೊಲೀಸ್ ಎಂದು ಕರೆದರು. ಮುಂದೆ 2006ರ ನವೆಂಬರಿನಲ್ಲಿ ನ್ಯೂಯಾರ್ಕಿನ ಬೇಕರಿಯವರಾದ ಜಿಮ್ ಲೇಹಿ, ಚಿಟಿಕೆ ಈಸ್ಟ್ ಹಾಕಿ ಹನ್ನೆರಡರಿಂದ ಹದಿನೆಂಟು ಗಂಟೆ ಬಿಟ್ಟ ಹಿಟ್ಟನ್ನು ಮುಚ್ಚಳದ ದಪ್ಪ ಪಾತ್ರೆಯಲ್ಲಿ ಬೇಯಿಸುವ ವಿಧಾನವನ್ನು ಪತ್ರಿಕೆಯ ಮೂಲಕ ಲೋಕಕ್ಕೆ ತಿಳಿಸಿದಾಗ ಲಕ್ಷಾಂತರ ಮನೆಗಳಿಗೆ ನಾದದೆ ಮಾಡುವ ಬ್ರೆಡ್ಡಿನ ದಾರಿ ತೆರೆಯಿತು. ಆದ್ದರಿಂದ ನಾದದೆ ಮಾಡಿದ್ದು ಎಂದರೆ ಸೋಮಾರಿಯ ಬ್ರೆಡ್ಡು ಎಂದು ಯಾರೂ ಸಂಕೋಚಪಡಬೇಕಾಗಿಲ್ಲ. ರುಚಿಯ ದೃಷ್ಟಿಯಿಂದ ನೋಡಿದರೆ ಯಂತ್ರದಲ್ಲಿ ಬಡಿದು ಬಿಳಿಮಾಡಿದ ಬ್ರೆಡ್ಡಿಗಿಂತ ಇದೇ ಹಳೆಯ ಫ್ರೆಂಚ್ ಬ್ರೆಡ್ಡಿಗೆ ಹತ್ತಿರವಾದದ್ದು.

ಸಾಮಗ್ರಿ ಮತ್ತು ಪಾತ್ರೆ

ಎರಡು ಬ್ರೆಡ್ಡುಗಳಿಗೆ 450 ಗ್ರಾಂ ಮೈದಾ, ಜರಡಿ ಹಿಡಿದ 50 ಗ್ರಾಂ ಗೋಧಿ ಹಿಟ್ಟು, 340 ಗ್ರಾಂ ನೀರು, 10 ಗ್ರಾಂ ಪುಡಿ ಉಪ್ಪು, ಒಂದೂವರೆ ಗ್ರಾಂ ಇನ್‌ಸ್ಟಂಟ್ ಈಸ್ಟ್ ಬೇಕು. ಇನ್‌ಸ್ಟಂಟ್ ಈಸ್ಟ್ ಅರ್ಧ ಟೀ ಚಮಚ ಮಟ್ಟವಾಗಿ ತೆಗೆದರೆ ಹೆಚ್ಚುಕಡಿಮೆ ಒಂದೂವರೆ ಗ್ರಾಂ ತೂಗುತ್ತದೆ. ಉಳಿದದ್ದನ್ನು ತೂಗಿಯೇ ತೆಗೆದುಕೊಳ್ಳಬೇಕು. ಬೇಕರಿಯವರು ಹಿಟ್ಟಿನ ತೂಕವನ್ನು ನೂರು ಎಂದಿಟ್ಟುಕೊಂಡು ಉಳಿದದ್ದನ್ನೆಲ್ಲ ಅದರ ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ಆ ಲೆಕ್ಕದಲ್ಲಿ ಇಲ್ಲಿ ನೀರು ಶೇ 68, ಉಪ್ಪು ಶೇ 2, ಈಸ್ಟ್ ಶೇ 0.3. ಈ ಮೂರು ಸಂಖ್ಯೆಗಳು ನೆನಪಿದ್ದರೆ ಎಷ್ಟು ಹಿಟ್ಟಿಗೆ ಬೇಕಾದರೂ ಲೆಕ್ಕ ಹಾಕಿಕೊಳ್ಳಬಹುದು. ಲೋಟದಲ್ಲಿ ಅಳೆದ ಹಿಟ್ಟು ಒತ್ತಿ ತುಂಬಿದ್ದೋ ಸಡಿಲವಾಗಿ ತುಂಬಿದ್ದೋ ಎಂಬುದರ ಮೇಲೆ ತೂಕ ಬಹಳ ಬದಲಾಗುವುದರಿಂದ, ಬ್ರೆಡ್ಡಿನ ಮಟ್ಟಿಗೆ ಲೋಟವನ್ನು ನಂಬುವಂತಿಲ್ಲ. ಓವನ್ ಆದ ಮೇಲೆ ಕೊಳ್ಳಬೇಕಾದ ಮೊದಲ ಸಾಧನ ಗ್ರಾಂ ತೋರಿಸುವ ಅಡುಗೆಯ ತಕ್ಕಡಿ.

ಮೈದಾದ ಜೊತೆಗೆ ಸ್ವಲ್ಪ ಗೋಧಿ ಹಿಟ್ಟು ಏಕೆಂದರೆ, ಫ್ರಾನ್ಸಿನ ಹಿಟ್ಟು ನಮ್ಮ ಮೈದಾದಷ್ಟು ಸಾಣಿಸಿದ್ದಲ್ಲ. ಅಲ್ಲಿ ಹಿಟ್ಟನ್ನು ಸುಟ್ಟಾಗ ಉಳಿಯುವ ಬೂದಿಯ ಪ್ರಮಾಣದ ಮೇಲೆ ವಿಂಗಡಿಸುತ್ತಾರೆ. ಟಿ 45 ಕೇಕಿಗೆ, ಟಿ 55 ಸಾಮಾನ್ಯ ಬ್ರೆಡ್ಡಿಗೆ, ಟಿ 65 ಸಂಪ್ರದಾಯದ ಬ್ರೆಡ್ಡಿಗೆ. ಸಂಖ್ಯೆ ಹೆಚ್ಚಿದಷ್ಟೂ ಅದರಲ್ಲಿ ಕಾಳಿನ ಹೊರಪದರದ ಅಂಶ ಹೆಚ್ಚು, ರುಚಿಯೂ ಹೆಚ್ಚು. ಶೇ 10ರಷ್ಟು ಗೋಧಿ ಹಿಟ್ಟು ಸೇರಿಸಿದರೆ ಆ ರುಚಿಯ ಒಂದು ಪಾಲು ನಮಗೂ ದಕ್ಕುತ್ತದೆ. ಬಿಳುಪುಗೊಳಿಸದ್ದು ಎಂದು ಚೀಟಿಯ ಮೇಲೆ ಬರೆದಿರುವ ಮೈದಾ ಸಿಕ್ಕರೆ ಅದನ್ನೇ ಕೊಳ್ಳಬೇಕು. ಪೊಟ್ಟಣದ ಮೇಲೆ ಪ್ರೋಟೀನ್ ಪ್ರಮಾಣ ನೂರು ಗ್ರಾಮಿಗೆ 10ರಿಂದ 12 ಗ್ರಾಂ ಇದ್ದರೆ ಈ ಬ್ರೆಡ್ಡಿಗೆ ಸಾಕು. ಕಂಪನಿಯಿಂದ ಕಂಪನಿಗೆ ಮೈದಾ ಕುಡಿಯುವ ನೀರು ಬೇರೆಯಾಗುವುದರಿಂದ, ಹೊಸ ಪೊಟ್ಟಣ ಒಡೆದಾಗ ಮೊದಲ ಸಲ 325 ಗ್ರಾಂ ನೀರಿನಿಂದ ಆರಂಭಿಸಿ, ಹಿಟ್ಟು ಗಟ್ಟಿಯೆನಿಸಿದರೆ ಉಳಿದ 15 ಗ್ರಾಮನ್ನು ಉಪ್ಪಿನ ಜೊತೆಗೆ ಸೇರಿಸುವುದು ಒಳ್ಳೆಯದು.

ಓವನ್ ವಿಷಯದಲ್ಲಿ ನಮ್ಮ ಮನೆಗಳಲ್ಲಿರುವುದು ಹೆಚ್ಚಾಗಿ ಓಟಿಜಿ, ಎಂದರೆ ಮೇಜಿನ ಮೇಲಿಡುವ ಸಣ್ಣ ವಿದ್ಯುತ್ ಓವನ್. ಮೊಳಕ್ಕಿಂತ ಉದ್ದದ ಬಾಗೆಟ್ ಅದರೊಳಗೆ ಹಿಡಿಸುವುದಿಲ್ಲ. ಅದಕ್ಕಾಗಿ ನಾವು ಮಾಡುವುದು ಬಟಾರ್ ಎಂಬ ರೂಪ: ಗಿಡ್ಡ, ನಡುವೆ ದಪ್ಪ, ಎರಡು ತುದಿಗಳಲ್ಲಿ ಸಣಕಲು. ಇದೂ ಫ್ರಾನ್ಸಿನ ಬೇಕರಿಗಳಲ್ಲಿ ನಿತ್ಯ ಮಾರಾಟವಾಗುವ ಬ್ರೆಡ್ಡೇ. ಕೆಳಗಿನಿಂದ ಬಲವಾದ ಕಾವು ಸಿಗಬೇಕಾದ್ದರಿಂದ ಓವನ್ನಿನ ತಂತಿಯ ಹಲಗೆಯ ಮೇಲೆ ಎರಕದ ಕಬ್ಬಿಣದ ದೋಸೆ ಕಾವಲಿಯನ್ನಿಟ್ಟು ಕಾಯಿಸಬೇಕು. ಕಾವಲಿಗೆ ಮರದ ಅಥವಾ ಪ್ಲಾಸ್ಟಿಕ್ಕಿನ ಹಿಡಿ ಇರಬಾರದು, ನಾನ್‌ಸ್ಟಿಕ್ ಲೇಪನವೂ ಇರಬಾರದು. ಬ್ರೆಡ್ಡಿನ ಮೇಲೆ ಕವುಚಿ ಹಾಕಲು, ಒಳಗೆ ಹಿಡಿಸುವಷ್ಟು ದೊಡ್ಡದಾದ ಒಂದು ಸ್ಟೀಲ್ ಬೋಗುಣಿ ಅಥವಾ ಪಾತ್ರೆ ಬೇಕು. ಅದರ ಬಾಯಿಯ ಅಗಲವೇ ನಿಮ್ಮ ಬ್ರೆಡ್ಡಿನ ಉದ್ದವನ್ನು ತೀರ್ಮಾನಿಸುತ್ತದೆ: ಬಾಯಿ 28 ಸೆಂಟಿಮೀಟರ್ ಇದ್ದರೆ ಬ್ರೆಡ್ಡು 23 ಸೆಂಟಿಮೀಟರ್ ಮೀರದಿರಲಿ, ಏಕೆಂದರೆ ಅದು ಬೇಯುವಾಗ ಇನ್ನಷ್ಟು ಹಿಗ್ಗುತ್ತದೆ. ಇವುಗಳ ಜೊತೆಗೆ ಓವನ್ನಿನ ಕಾವನ್ನು ತಾಳುವ ಬೇಕಿಂಗ್ ಪೇಪರ್, ಒಂದು ಹೊಸ ಶೇವಿಂಗ್ ಬ್ಲೇಡ್, ದಪ್ಪ ಕೈಗವಸು ಇದ್ದರೆ ಸಾಮಗ್ರಿ ಪೂರ್ಣವಾಯಿತು.

ರಾತ್ರಿಯ ಕೆಲಸ

ರಾತ್ರಿ ಎಂಟು ಗಂಟೆಗೆ ಆರಂಭಿಸಿದರೆ ಮರುದಿನ ಬೆಳಗಿನ ಹತ್ತರ ಹೊತ್ತಿಗೆ ಮೊದಲ ಬ್ರೆಡ್ಡು ಕತ್ತರಿಸಲು ಸಿದ್ಧವಿರುತ್ತದೆ. ಅಗಲವಾದ ಪಾತ್ರೆಯಲ್ಲಿ ಎರಡೂ ಹಿಟ್ಟುಗಳನ್ನೂ ಈಸ್ಟನ್ನೂ ಕೈಯಿಂದ ಬೆರೆಸಿ, ನೀರನ್ನು ಒಮ್ಮೆಗೇ ಹಾಕಿ, ಮರದ ಸೌಟಿನಿಂದ ಒಣಹಿಟ್ಟು ಎಲ್ಲಿಯೂ ಉಳಿಯದಂತೆ ಕಲಸಬೇಕು. ಎರಡು ನಿಮಿಷದ ಕೆಲಸ. ಹಿಟ್ಟು ಈಗ ಚಪಾತಿಯ ಹಿಟ್ಟಿಗಿಂತ ಬಹಳ ಸಡಿಲವಾಗಿ, ಉಂಡೆ ಉಂಡೆಯಾಗಿ, ಕೈಗೆ ಅಂಟುವಂತೆ ಕಾಣುತ್ತದೆ. ಅದನ್ನು ನೋಡಿ ಇನ್ನಷ್ಟು ಮೈದಾ ಸೇರಿಸುವ ಮನಸ್ಸಾಗುವುದು ಸಹಜ; ದಯವಿಟ್ಟು ಸೇರಿಸಬೇಡಿ. ಮೊದಲ ಕೆಲವು ಸಲ ನಾನು ಹಾಗೆ ಸೇರಿಸುತ್ತ ಹೋಗಿ, ಗಟ್ಟಿಯಾದ, ತೂತುಗಳಿಲ್ಲದ, ಮರುದಿನಕ್ಕೆ ಪುಡಿಯಾಗುವ ಬ್ರೆಡ್ಡನ್ನೇ ಪಡೆಯುತ್ತಿದ್ದೆ. ತಪ್ಪು ಹಿಟ್ಟಿನಲ್ಲಿರಲಿಲ್ಲ, ನನ್ನ ಅವಸರದಲ್ಲಿತ್ತು.

ನೀರಿನ ಬಿಸಿ ಕಡೆಗಣಿಸುವ ವಿಷಯವಲ್ಲ. ಈಸ್ಟಿಗೆ ಉಗುರುಬೆಚ್ಚಗಿನ ನೀರೇ ಬೇಕೆಂದು ಅನೇಕ ಕಡೆ ಬರೆದಿರುತ್ತದೆ; ಆ ಮಾತು ಚಳಿಯ ದೇಶಗಳ ಅಡುಗೆಮನೆಗೆ ಸರಿ. ಕಲಸಿದ ಹಿಟ್ಟು 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಹುದುಗು ನಿಧಾನವಾಗಿ, ರುಚಿಕಟ್ಟಾಗಿ ಬರುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ನಲ್ಲಿಯ ನೀರನ್ನು ಹಾಗೆಯೇ ಬಳಸಬಹುದು. ಅಡುಗೆಮನೆ 30 ಡಿಗ್ರಿಯಲ್ಲಿರುವ ಮಂಗಳೂರಿನಲ್ಲೋ, ಬೇಸಿಗೆಯ ಕಲಬುರ್ಗಿಯಲ್ಲೋ, ಫ್ರಿಜ್ಜಿನ ನೀರನ್ನು ಬೆರೆಸಿ 18ರಿಂದ 20 ಡಿಗ್ರಿಗೆ ತಂದ ನೀರನ್ನೇ ಹಾಕಬೇಕು. ದೋಸೆ ಹಿಟ್ಟು ಚಳಿಗಾಲದಲ್ಲಿ ಉಬ್ಬಲು ತಡಮಾಡುವುದನ್ನೂ ಬೇಸಿಗೆಯಲ್ಲಿ ರಾತ್ರೋರಾತ್ರಿ ಉಕ್ಕಿ ಹುಳಿಯಾಗುವುದನ್ನೂ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಲಸಿದ ಹಿಟ್ಟನ್ನು ಮುಚ್ಚಿ ಅರ್ಧ ಗಂಟೆ ಬಿಡಬೇಕು. ಇದೇ ಕಾಲ್ವೆಲ್ ಹೇಳಿದ ವಿಶ್ರಾಂತಿ. ಅವರ ಕ್ರಮದಲ್ಲಿ ಈ ಹಂತದಲ್ಲಿ ಈಸ್ಟ್ ಇರುವುದಿಲ್ಲ. ಆದರೆ ನಾವು ಹಾಕುವ ಈಸ್ಟ್ ಅತಿ ಕಡಿಮೆಯಾದ್ದರಿಂದ ಮೊದಲೇ ಸೇರಿಸಿದರೂ ಬಾಧಕವಿಲ್ಲ, ಒಣ ಈಸ್ಟ್ ಸಮವಾಗಿ ನೆನೆಯಲು ಅನುಕೂಲವೂ ಹೌದು. ಉಪ್ಪನ್ನು ಮಾತ್ರ ಈಗ ಹಾಕುವುದಿಲ್ಲ, ಏಕೆಂದರೆ ಉಪ್ಪು ಅಂಟನ್ನು ಬಿಗಿಗೊಳಿಸಿ ಹಿಟ್ಟು ನೀರು ಕುಡಿಯುವುದನ್ನು ನಿಧಾನಿಸುತ್ತದೆ. ತೂಗಿದ ಉಪ್ಪಿನ ಬಟ್ಟಲನ್ನು ಪಾತ್ರೆಯ ಮುಚ್ಚಳದ ಮೇಲೆಯೇ ಇಟ್ಟರೆ ಮರೆಯುವ ಭಯವಿಲ್ಲ. ಉಪ್ಪು ಮರೆತ ಹಿಟ್ಟು ಸಪ್ಪೆಯಾಗುವುದಷ್ಟೇ ಅಲ್ಲ, ಕಡಿವಾಣವಿಲ್ಲದೆ ಉಬ್ಬಿ, ಅಂಟಂಟಾಗಿ, ರೂಪ ಕೊಡಲು ಬಾರದಂತಾಗುತ್ತದೆ.

ಎಂಟೂವರೆಗೆ ಉಪ್ಪನ್ನು ಹಿಟ್ಟಿನ ಮೇಲೆ ಉದುರಿಸಿ, ಕೈ ಒದ್ದೆ ಮಾಡಿಕೊಂಡು, ಬೆರಳುಗಳಿಂದ ಒತ್ತಿ ಒತ್ತಿ ಒಳಸೇರಿಸಬೇಕು. ಅನಂತರ ಮೊದಲ ಮಡಿಕೆ. ಹಿಟ್ಟಿನ ಒಂದು ಅಂಚನ್ನು ಕೆಳಗಿನಿಂದ ಹಿಡಿದು, ಹರಿಯದಷ್ಟು ಮೇಲಕ್ಕೆಳೆದು, ನಡುವಿನ ಮೇಲೆ ಮಡಚಿ ಹಾಕಬೇಕು. ಪಾತ್ರೆಯನ್ನು ಕಾಲು ಸುತ್ತು ತಿರುಗಿಸಿ ಮುಂದಿನ ಅಂಚನ್ನು ಹಾಗೆಯೇ ಮಡಚಬೇಕು. ಹೀಗೆ ಎರಡು ಸುತ್ತು, ಒಟ್ಟು ಎಂಟು ಮಡಿಕೆ. ಒಂದು ನಿಮಿಷವೂ ಹಿಡಿಯುವುದಿಲ್ಲ. ಒಂಬತ್ತಕ್ಕೆ ಮತ್ತೊಮ್ಮೆ, ಒಂಬತ್ತೂವರೆಗೆ ಇನ್ನೊಮ್ಮೆ ಇದನ್ನೇ ಮಾಡಬೇಕು. ಪ್ರತಿ ಸಲವೂ ಹಿಟ್ಟು ಬೇರೆಯದೇ ಆಗಿರುವುದನ್ನು ಕೈ ಗುರುತಿಸುತ್ತದೆ. ಮೊದಲ ಸಲ ಒರಟಾಗಿ ಹರಿಯುತ್ತಿದ್ದದ್ದು ಎರಡನೆಯ ಸಲ ನಯವಾಗಿ ಎಳೆಯುತ್ತದೆ, ಮೂರನೆಯ ಸಲ ಪಾತ್ರೆಯಿಂದ ಒಟ್ಟಿಗೇ ಮೇಲೆದ್ದು ಬರುತ್ತದೆ. ಗೋಧಿಯಲ್ಲಿರುವ ಗ್ಲುಟೆನಿನ್ ಮತ್ತು ಗ್ಲಯಾಡಿನ್ ಎಂಬ ಎರಡು ಪ್ರೋಟೀನುಗಳು ನೀರಿನಲ್ಲಿ ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಬಲೆಯಾಗುತ್ತವೆ. ಮೊದಲನೆಯದು ಬಿಗಿ ಕೊಡುತ್ತದೆ, ಎರಡನೆಯದು ಹಿಗ್ಗುವ ಗುಣ ಕೊಡುತ್ತದೆ. ಈಸ್ಟ್ ಬಿಡುವ ಇಂಗಾಲದ ಡೈಆಕ್ಸೈಡ್ ಆ ಬಲೆಯಲ್ಲಿ ಸಿಕ್ಕಿಬಿದ್ದು ಬ್ರೆಡ್ಡಿನ ತೂತುಗಳಾಗುತ್ತವೆ. ಮಡಚುವುದರಿಂದ ಎಳೆಗಳು ಒಂದರ ಮೇಲೊಂದು ಸಾಲುಗೂಡುತ್ತವೆ. ಉಳಿದ ಕೆಲಸವೆಲ್ಲ ಹೊತ್ತಿನದು.

ಹತ್ತು ಗಂಟೆಗೆ ಪಾತ್ರೆಯನ್ನು ಗಾಳಿಯಾಡದಂತೆ ಮುಚ್ಚಿ ಫ್ರಿಜ್ಜಿಗೆ ಸೇರಿಸಬೇಕು. ಆ ಹೊತ್ತಿಗೆ ಹಿಟ್ಟು ತುಸು ಉಬ್ಬಿ, ಬದಿಯಲ್ಲಿ ಒಂದೆರಡು ಗುಳ್ಳೆ ಕಂಡಿದ್ದರೆ ಸರಿಯಾಗಿದೆ. ಕಡಿಮೆಯೆಂದರೆ ಒಂಬತ್ತು ಗಂಟೆ, ಹೆಚ್ಚೆಂದರೆ ಒಂದು ದಿನವಿಡೀ ಅದು ಅಲ್ಲಿರಬಹುದು. ಚಳಿಯಲ್ಲಿ ಈಸ್ಟ್ ಬಹುಮಟ್ಟಿಗೆ ತಡೆಹಿಡಿದಂತಿರುತ್ತದೆ. ಆದರೆ ಹಿಟ್ಟಿನಲ್ಲೇ ಇರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತಲೇ ಇರುತ್ತದೆ. ಸಕ್ಕರೆ ಹಾಕದ ಬ್ರೆಡ್ಡಿನ ಸಿಪ್ಪೆ ಅಷ್ಟೊಂದು ಕಂದಾಗುವುದೂ ಅದರಲ್ಲೊಂದು ಸಿಹಿ ತಿಳಿಯುವುದೂ ಈ ರಾತ್ರಿಯ ಕಾಯುವಿಕೆಯಿಂದಲೇ. ಎರಡು ಗಂಟೆಯಲ್ಲಿ ಮುಗಿಸಬೇಕೆಂದು ಚಮಚಗಟ್ಟಲೆ ಈಸ್ಟ್ ಸುರಿದ ಬ್ರೆಡ್ಡಿನಲ್ಲಿ ಈಸ್ಟಿನ ಘಾಟು ಮಾತ್ರ ಉಳಿಯುತ್ತದೆ.

ಫ್ರಿಜ್ಜಿನಲ್ಲಿ ಜಾಗವಿಲ್ಲದವರು ಈಸ್ಟನ್ನು ಕಾಲು ಟೀ ಚಮಚಕ್ಕಿಂತಲೂ ಕಡಿಮೆ ಮಾಡಿ, 24 ಡಿಗ್ರಿ ಆಸುಪಾಸಿನ ಕೋಣೆಯಲ್ಲಿ ಎಂಟು ಒಂಬತ್ತು ಗಂಟೆ ಹಿಟ್ಟನ್ನು ಹೊರಗೆಯೇ ಬಿಡಬಹುದು. ಹಿಟ್ಟು ಸುಮಾರು ಇಮ್ಮಡಿಯಾದಾಗ ಮುಂದಿನ ಹಂತಕ್ಕೆ ಹೋಗಬೇಕು. ಸೆಕೆಯ ಊರುಗಳಲ್ಲಿ ಈ ಮಾರ್ಗವನ್ನು ನಾನು ಸೂಚಿಸಲಾರೆ.

ಬೆಳಗಿನ ಕೆಲಸ

ಏಳು ಗಂಟೆಗೆ ಹಿಟ್ಟನ್ನು ಹೊರತೆಗೆದು, ಮೈದಾ ಉದುರಿಸಿದ ಮಣೆಯ ಮೇಲೆ ಮೆಲ್ಲಗೆ ಬೋರಲು ಹಾಕಿ, ಚಾಕುವಿನಿಂದ ಎರಡು ಸಮಪಾಲು ಮಾಡಬೇಕು. ಒಂದೊಂದು ಪಾಲು ಸುಮಾರು 425 ಗ್ರಾಂ ಬರುತ್ತದೆ. ಪ್ರತಿಯೊಂದನ್ನೂ ಅಂಚುಗಳನ್ನು ನಡುವಿಗೆ ಸೇರಿಸಿ ಸಡಿಲವಾದ ಉಂಡೆ ಮಾಡಿ, ಬಟ್ಟೆ ಮುಚ್ಚಿ, 25 ನಿಮಿಷ ಬಿಡಬೇಕು. ಈ ಬಿಡುವಿಲ್ಲದೆ ರೂಪ ಕೊಡಲು ಹೋದರೆ ಹಿಟ್ಟು ರಬ್ಬರಿನಂತೆ ಹಿಂದಕ್ಕೆ ಸರಿಯುತ್ತದೆ.

ರೂಪ ಕೊಡುವುದು ಇಡೀ ಕ್ರಮದಲ್ಲಿ ಅಭ್ಯಾಸ ಬೇಡುವ ಒಂದೇ ಭಾಗ. ಉಂಡೆಯನ್ನು ಅಂಗೈಯಿಂದ ಮೆಲ್ಲಗೆ ತಟ್ಟಿ ಆಯತಾಕಾರಕ್ಕೆ ತರಬೇಕು. ದೊಡ್ಡ ಗುಳ್ಳೆಗಳನ್ನೆಲ್ಲ ಒಡೆಯುವ ಹಟ ಬೇಡ. ದೂರದ ಅಂಚನ್ನು ನಡುವಿನವರೆಗೆ ಮಡಚಿ, ಕೂಡಿದ ಗೆರೆಯನ್ನು ಅಂಗೈಯ ಬುಡದಿಂದ ಒತ್ತಬೇಕು. ಹತ್ತಿರದ ಅಂಚನ್ನೂ ಅದರ ಮೇಲೆ ಬರುವಂತೆ ಮಡಚಿ ಒತ್ತಬೇಕು. ಈಗ ಪೂರ್ತಿ ಎರಡಾಗಿ ಮಡಚುತ್ತ, ಅಂಚು ಅಂಚಿಗೆ ಸೇರುವಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒತ್ತಿ ಮುಚ್ಚಬೇಕು. ಪತ್ರೊಡೆಯ ಸುರುಳಿಯನ್ನು ಸುತ್ತುವಾಗ ಇರುವ ಬಿಗಿ ಇಲ್ಲಿಯೂ ಇರಬೇಕು. ಸಡಿಲ ಸುತ್ತಿದ್ದು ಬೇಯುವಾಗ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಎರಡೂ ಕೈಗಳನ್ನಿಟ್ಟು ಹಿಂದೆ ಮುಂದೆ ಉರುಳಿಸಿ, ತುದಿಗಳ ಮೇಲೆ ತುಸು ಹೆಚ್ಚು ಒತ್ತಡ ಕೊಟ್ಟರೆ ಬಟಾರ್ ಸಿದ್ಧವಾಯಿತು. ಒತ್ತಿದ ಗೆರೆ ಕೆಳಗೆ ಬರುವಂತೆ ಬೇಕಿಂಗ್ ಪೇಪರಿನ ಮೇಲಿಟ್ಟು, ಮೈದಾ ಸವರಿದ ಬಟ್ಟೆ ಮುಚ್ಚಬೇಕು. ಓವನ್ನಿನಲ್ಲಿ ಒಂದೊಂದನ್ನೇ ಬೇಯಿಸಬೇಕಾದ್ದರಿಂದ ಎರಡನೆಯದನ್ನು ರೂಪ ಕೊಟ್ಟ ಅರ್ಧ ಗಂಟೆಗೆ ಫ್ರಿಜ್ಜಿನಲ್ಲಿಟ್ಟರೆ, ಮೊದಲನೆಯದು ಬೇಯುವವರೆಗೆ ಅದು ಹದ ಮೀರುವುದಿಲ್ಲ.

ಹೊರಗಿಟ್ಟದ್ದು ಹದಕ್ಕೆ ಬರಲು ಒಂದು ಗಂಟೆಯಿಂದ ಒಂದೂಕಾಲು ಗಂಟೆ ಬೇಕು. ಗಡಿಯಾರಕ್ಕಿಂತ ಬೆರಳನ್ನು ನಂಬಬೇಕು: ಮೈದಾ ಹಚ್ಚಿದ ಬೆರಳಿನಿಂದ ಅರ್ಧ ಇಂಚು ಒತ್ತಿದಾಗ ಗುಳಿ ತಟ್ಟನೆ ಮೇಲೆದ್ದರೆ ಇನ್ನೂ ಹೊತ್ತು ಬೇಕು, ನಿಧಾನವಾಗಿ ಅರ್ಧದಷ್ಟು ತುಂಬಿಕೊಂಡರೆ ಹದವಾಗಿದೆ, ಗುಳಿ ಹಾಗೆಯೇ ಉಳಿದರೆ ಹದ ಮೀರಿದೆ, ಕೂಡಲೇ ಬೇಯಿಸಬೇಕು.

ಈ ನಡುವೆ, ಬೇಯಿಸುವುದಕ್ಕೆ 40 ನಿಮಿಷ ಮೊದಲೇ, ಕಾವಲಿ ಮತ್ತು ಕವುಚುವ ಪಾತ್ರೆ ಎರಡನ್ನೂ ಒಳಗಿಟ್ಟು ಓವನ್ನನ್ನು 240 ಡಿಗ್ರಿಗೆ, ಅಷ್ಟಿಲ್ಲದಿದ್ದರೆ ಅದು ಹೋಗುವಷ್ಟು ಗರಿಷ್ಠಕ್ಕೆ, ಮೇಲಿನ ಕೆಳಗಿನ ಎರಡೂ ಕಂಬಿಗಳು ಉರಿಯುವಂತೆ ಹಾಕಬೇಕು. ಫ್ಯಾನ್ ಇದ್ದರೆ ಆರಿಸಿರಬೇಕು. ಸೂಚಕ ದೀಪ ಹತ್ತು ನಿಮಿಷಕ್ಕೇ ಆರಿದರೂ ಅದು ಗಾಳಿ ಕಾದ ಗುರುತು; ಕಬ್ಬಿಣ ಕಾಯಲು ಹೊತ್ತು ಬೇಕು.

ಒಳಗೆ ಇಡುವ ಮುನ್ನ ಬ್ಲೇಡಿನಿಂದ ಬ್ರೆಡ್ಡಿನ ಉದ್ದಕ್ಕೂ ಒಂದೇ ಗೀರು ಹಾಕಬೇಕು. ಬ್ಲೇಡನ್ನು ನೆಟ್ಟಗೆ ಹಿಡಿಯದೆ ಓರೆಯಾಗಿ ಹಿಡಿದು, ನಡುವಿಗಿಂತ ತುಸು ಪಕ್ಕದಲ್ಲಿ, ಸುಮಾರು 6 ಮಿಲಿಮೀಟರ್ ಆಳಕ್ಕೆ, ಅನುಮಾನವಿಲ್ಲದ ಒಂದೇ ಎಳೆತದಲ್ಲಿ ಕೊಯ್ದರೆ, ಬೇಯುವಾಗ ಆ ಅಂಚು ಎದ್ದು ನಿಂತು ಗರಿಗರಿಯಾಗುತ್ತದೆ. ಗೀರಿಲ್ಲದ ಬ್ರೆಡ್ಡು ತನಗೆ ಬೇಕಾದಲ್ಲಿ, ಸಾಮಾನ್ಯವಾಗಿ ಬದಿಯಲ್ಲಿ, ಒಡೆದುಕೊಳ್ಳುತ್ತದೆ.

ಬೇಯಿಸುವುದು ಮತ್ತು ಹಬೆ

ಒಲೆಯೊಳಗೆ ಹಬೆ ತುಂಬಿ ಬೇಯಿಸುವ ಕ್ರಮ ಪ್ಯಾರಿಸ್ಸಿಗೆ ಬಂದದ್ದು ವಿಯೆನ್ನಾದಿಂದ. 1830ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಬೇಕರಿ ತೆರೆದ ಆಸ್ಟ್ರಿಯದ ಆಗಸ್ಟ್ ಜಾಂಗ್ ಅದನ್ನು ಜನಪ್ರಿಯಗೊಳಿಸಿದರು. ಹಬೆಯಿಲ್ಲದ ಒಲೆಯಲ್ಲಿ ಹಿಟ್ಟಿನ ಮೇಲ್ಮೈ ಮೊದಲ ನಿಮಿಷಗಳಲ್ಲೇ ಒಣಗಿ ಗಟ್ಟಿಯಾಗಿ, ಒಳಗಿನ ಗಾಳಿ ಹಿಗ್ಗಲು ಎಡೆ ಸಿಗದೆ ಬ್ರೆಡ್ಡು ಕುಗ್ಗಿಕೊಂಡೇ ಉಳಿಯುತ್ತದೆ. ಹಬೆಯಿದ್ದರೆ ಮೇಲ್ಮೈ ಒದ್ದೆಯಾಗಿಯೇ ಇದ್ದು, ಹಿಟ್ಟು ಪೂರ್ತಿ ಅರಳಲು ಬಿಡುತ್ತದೆ. ಮೇಲಿನ ಪಿಷ್ಟ ಗಂಜಿಯಂತೆ ಬೆಂದು, ಆಮೇಲೆ ಒಣಗಿ, ತೆಳುವಾದ ಹೊಳೆಯುವ ಸಿಪ್ಪೆಯಾಗುತ್ತದೆ.

ಇದಕ್ಕಾಗಿ ಕಾದ ಓಟಿಜಿಯೊಳಗೆ ನೀರು ಎರಚುವ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಅದರ ಕಂಬಿಗಳು ತೆರೆದೇ ಇರುತ್ತವೆ, ಬಾಗಿಲಿನ ಗಾಜು ಕಾದಿರುತ್ತದೆ. ತಣ್ಣೀರು ತಗುಲಿದರೆ ಗಾಜು ಸೀಳಬಹುದು, ವಿದ್ಯುತ್ತಿನ ಅಪಾಯವೂ ಇದೆ. ಬ್ರೆಡ್ಡಿನ ಹಿಟ್ಟಿನಲ್ಲೇ ಬೇಕಾದಷ್ಟು ನೀರಿದೆ. ಕಾದ ಪಾತ್ರೆಯನ್ನು ಅದರ ಮೇಲೆ ಕವುಚಿದರೆ ಹಿಟ್ಟು ಬಿಡುವ ಹಬೆ ಅಲ್ಲಿಯೇ ಉಳಿದು ತನ್ನ ಕೆಲಸ ಮಾಡುತ್ತದೆ.

ಪಾತ್ರೆಯನ್ನು ಮೊದಲು ಹೊರತೆಗೆದು, ಬ್ರೆಡ್ಡನ್ನು ಪೇಪರಿನ ಸಮೇತ ಕಾವಲಿಯ ಮೇಲೆ ಜಾರಿಸಿ, ಪಾತ್ರೆ ಕವುಚಿ, ಬಾಗಿಲು ಮುಚ್ಚಬೇಕು. ಪೇಪರಿನ ಅಂಚು ಕಂಬಿಗೆ ತಾಗುವಂತಿದ್ದರೆ ಮೊದಲೇ ಕತ್ತರಿಸಿರಬೇಕು. ಹದಿನೈದು ನಿಮಿಷದ ನಂತರ ಪಾತ್ರೆಯನ್ನು ತೆಗೆಯಬೇಕು. ಮುಖಕ್ಕೆ ಹಬೆ ಹೊಡೆಯದಂತೆ ಅದರ ಹಿಂಬದಿಯನ್ನು ಮೊದಲು ಎತ್ತುವುದು ಕ್ಷೇಮ. ಆಗ ಬ್ರೆಡ್ಡು ಪೂರ್ತಿ ಅರಳಿರುತ್ತದೆ, ಬಣ್ಣ ಮಾತ್ರ ಬಿಳಿಚಿಕೊಂಡಿರುತ್ತದೆ. ಕಾವನ್ನು 220ಕ್ಕೆ ಇಳಿಸಿ ಇನ್ನೂ ಹದಿನೈದು ನಿಮಿಷ ತೆರೆದೇ ಬೇಯಿಸಬೇಕು. ಬಣ್ಣ ತರುವುದು ಈ ಎರಡನೆಯ ಭಾಗ: ಪ್ರೋಟೀನಿನ ಅಮೈನೊ ಆಮ್ಲಗಳೂ ಸಕ್ಕರೆಗಳೂ ಕಾವಿನಲ್ಲಿ ಕೂಡಿ ಕಂದು ಬಣ್ಣವನ್ನೂ ಪರಿಮಳವನ್ನೂ ಉಂಟುಮಾಡುತ್ತವೆ. 1912ರಲ್ಲಿ ಇದನ್ನು ಮೊದಲು ವಿವರಿಸಿದ ಲೂಯಿ ಕಮೀಲ್ ಮೇಯಾರ್ ಕೂಡ ಫ್ರೆಂಚ್ ವಿಜ್ಞಾನಿಯೇ. ಬಂಗಾರದ ಬಣ್ಣ ಬಂದ ಕೂಡಲೇ ತೆಗೆಯಲು ಆತುರಪಡಬಾರದು. ಚೆನ್ನಾಗಿ ಹುರಿದ ಕಡಲೆಬೀಜದ ಸಿಪ್ಪೆಯ ಬಣ್ಣಕ್ಕೆ ತಿರುಗುವವರೆಗೆ ಬಿಟ್ಟರೆ ಸಿಪ್ಪೆಗೆ ರುಚಿಯೂ ಬರುತ್ತದೆ, ಗರಿಗರಿಯೂ ನಿಲ್ಲುತ್ತದೆ. ಬುಡವನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಅಥವಾ ಥರ್ಮಾಮೀಟರ್ ಚುಚ್ಚಿದಾಗ ನಡುವಿನಲ್ಲಿ 96 ಡಿಗ್ರಿ ತೋರಿಸಿದರೆ ಬೆಂದಿದೆ ಎಂದರ್ಥ.

ತೆಗೆದ ಬ್ರೆಡ್ಡನ್ನು ತಂತಿಯ ಜಾಲರಿಯ ಮೇಲಿಟ್ಟು ಮುಕ್ಕಾಲು ಗಂಟೆ ಆರಲು ಬಿಡಬೇಕು. ಹೊರಗೆ ಬಂದ ತಕ್ಷಣ ಸಿಪ್ಪೆ ಚಿಟಚಿಟ ಎನ್ನುವುದು ಕೇಳಿಸುತ್ತದೆ. ತಣ್ಣಗಾಗುತ್ತ ಸಿಪ್ಪೆಯಲ್ಲಿ ಸಣ್ಣ ಬಿರುಕುಗಳು ಮೂಡುವ ಸದ್ದು ಅದು. ಒಳಗೆ ಪಿಷ್ಟ ಇನ್ನೂ ಗಟ್ಟಿಯಾಗುತ್ತಿರುತ್ತದೆ. ಬಿಸಿಯಲ್ಲೇ ಕೊಯ್ದರೆ ತಿರುಳು ಚಾಕುವಿಗೆ ಮೆತ್ತಿಕೊಂಡು ಹಸಿಯೆನಿಸುತ್ತದೆ.

ತಪ್ಪು ಎಲ್ಲಿ ಆಗುತ್ತದೆ

ಬ್ರೆಡ್ಡು ಚಪ್ಪಟೆಯಾಗಿ ಹರಡಿದ್ದರೆ ಹದ ಮೀರಿ ಉಬ್ಬಿದೆ ಅಥವಾ ರೂಪ ಕೊಡುವಾಗ ಬಿಗಿ ಸಾಲದು. ಒಳಗೆ ದಟ್ಟವಾಗಿ, ಬದಿಯಲ್ಲಿ ಒಡೆದಿದ್ದರೆ ಹದಕ್ಕೆ ಮುಂಚೆಯೇ ಬೇಯಿಸಿದ್ದೀರಿ. ಬುಡ ಕಪ್ಪಾಗಿ ಮೇಲೆ ಬಿಳಿಚಿದ್ದರೆ ಹಲಗೆಯನ್ನು ಒಂದು ಮೆಟ್ಟಿಲು ಮೇಲಕ್ಕೇರಿಸಬೇಕು. ಎಷ್ಟು ಬೇಯಿಸಿದರೂ ಬಣ್ಣ ಬಾರದಿದ್ದರೆ ಹಿಟ್ಟು ಅತಿಯಾಗಿ ಹುದುಗಿ, ಈಸ್ಟ್ ಸಕ್ಕರೆಯನ್ನೆಲ್ಲ ತಿಂದು ಮುಗಿಸಿರಬಹುದು. ಮುಂದಿನ ಸಲ ಈಸ್ಟ್ ಅಥವಾ ಹೊತ್ತು ಕಡಿಮೆ ಮಾಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಕೋಣೆಯ ಬಿಸಿಯ ಸಮೇತ ಬರೆದಿಟ್ಟುಕೊಂಡರೆ ನಾಲ್ಕೈದು ಸಲಕ್ಕೆ ನಿಮ್ಮ ಓವನ್ನಿನ ಗುಣ ತಿಳಿದುಬಿಡುತ್ತದೆ.

ಇಡುವುದು, ಉಳಿಸುವುದು

ಈ ಬ್ರೆಡ್ಡು ಮಾಡಿದ ದಿನವೇ ತಿನ್ನುವಂಥದ್ದು. ಕೊಬ್ಬಿಲ್ಲದ್ದರಿಂದ ಬೇಗ ಒಣಗುತ್ತದೆ. ಕೊಯ್ದ ಮುಖವನ್ನು ಕೆಳಗೆ ಮಾಡಿ ಹಲಗೆಯ ಮೇಲಿಟ್ಟು ಬಟ್ಟೆ ಹೊದಿಸಿದರೆ ರಾತ್ರಿಯವರೆಗೆ ಚೆನ್ನಾಗಿರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಸಿಪ್ಪೆ ಮೆತ್ತಗಾಗುತ್ತದೆ, ಫ್ರಿಜ್ಜಿನ ಕೆಳಭಾಗದಲ್ಲಿಟ್ಟರೆ ಹೊರಗಿಟ್ಟದ್ದಕ್ಕಿಂತ ಬೇಗ ಹಳಸಲಾಗಿ ಗಟ್ಟಿಯಾಗುತ್ತದೆ, ಏಕೆಂದರೆ ಬೆಂದ ಪಿಷ್ಟ ಮತ್ತೆ ಬಿಗಿದುಕೊಳ್ಳುವುದು ಆ ಚಳಿಯಲ್ಲೇ ಹೆಚ್ಚು ವೇಗವಾಗಿ. ಉಳಿಸಬೇಕಾದ್ದನ್ನು ಪೂರ್ತಿ ಆರಿದ ಮೇಲೆ ಹೋಳು ಮಾಡಿ, ಚೀಲದಲ್ಲಿ ಬಿಗಿದು, ಫ್ರೀಜರಿನಲ್ಲಿಡಬೇಕು. ಹೋಳನ್ನು ನೇರವಾಗಿ ಕಾವಲಿಯ ಮೇಲೆ ಬಿಸಿಮಾಡಬಹುದು. ಮಳೆಗಾಲದಲ್ಲಿ ಕರಾವಳಿ ಮಲೆನಾಡುಗಳ ಗಾಳಿಗೆ ಸಿಪ್ಪೆ ಮಧ್ಯಾಹ್ನದೊಳಗೇ ಚರ್ಮದಂತಾಗುತ್ತದೆ. ಆಗ ಇಡೀ ಬ್ರೆಡ್ಡಿನ ಮೇಲೆ ಒದ್ದೆ ಕೈಯಾಡಿಸಿ, 180 ಡಿಗ್ರಿಯಲ್ಲಿ ಏಳೆಂಟು ನಿಮಿಷ ಇಟ್ಟರೆ ಮತ್ತೆ ಗರಿಗರಿಯಾಗುತ್ತದೆ, ಒಂದೆರಡು ಗಂಟೆಯೊಳಗೆ ತಿಂದು ಮುಗಿಸಬೇಕಷ್ಟೆ. ಮೂರನೆಯ ದಿನಕ್ಕೆ ಉಳಿದು ಕಲ್ಲಿನಂತಾದ ತುಂಡುಗಳನ್ನು ಫ್ರೆಂಚರು ಎಸೆಯುವುದಿಲ್ಲ. ಹಾಲು, ಮೊಟ್ಟೆ, ಸಕ್ಕರೆಯ ಮಿಶ್ರಣದಲ್ಲಿ ನೆನೆಸಿ ಬೆಣ್ಣೆಯಲ್ಲಿ ಕೆಂಪಗೆ ಬೇಯಿಸಿ, 'ಕೈತಪ್ಪಿದ ಬ್ರೆಡ್ಡು' ಎಂಬರ್ಥದ ಪೆ ಪೆರ್ದ್ಯು ಎಂಬ ತಿಂಡಿ ಮಾಡುತ್ತಾರೆ. ಅದಕ್ಕೆ ತುಂಡು ಎಷ್ಟು ಒಣಗಿದ್ದರೆ ಅಷ್ಟು ಒಳ್ಳೆಯದು. ಹೊಸ ಬ್ರೆಡ್ಡು ಹಾಲಿನಲ್ಲಿ ಕರಗಿಹೋಗುತ್ತದೆ, ಒಣಗಿದ್ದು ಹಾಲನ್ನೆಲ್ಲ ಕುಡಿದೂ ಆಕಾರ ಕೆಡದೆ ನಿಲ್ಲುತ್ತದೆ.